ಟೀ ಶರ್ಟಿಗೆ ಕಣ್ಣಿಲ್ಲ

ಒಂದು ಬೈಗುಳನ ಟೀ ಶರ್ಟಿನ ಮೇಲೆ ಕೂರ್ಸೋಕೆ ಈಗ 15 ಸೆಕೆಂಡ್ ಸಾಕು. ತಮಾಷೆಗೆ ಹೇಳ್ತಿಲ್ಲ, ನಮ್ಮ ಅಂಗಡಿ ಹೀಟ್ ಪ್ರೆಸ್ಸಿನ ಟೈಮರ್ ಲೆಕ್ಕ ಅದು. ಡಿಟಿಎಫ್, ಅಂದ್ರೆ ಡೈರೆಕ್ಟ್ ಟು ಫಿಲ್ಮ್ ಅಂತ ಬಂದಿದೆಯಲ್ಲ, ಅದರಲ್ಲಿ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಅಕ್ಷರಗಳನ್ನ ಉಲ್ಟಾ ಪ್ರಿಂಟ್ ತೆಗೀತೀವಿ, ಹಸಿ ಇಂಕಿನ ಮೇಲೆ ಬಿಳಿ ಅಂಟಿನ ಪುಡಿ ಉದುರಿಸಿ ಬಿಸಿಗೆ ಕರಗಿಸ್ತೀವಿ, ಆಮೇಲೆ ಶರ್ಟಿನ ಮೇಲಿಟ್ಟು 160 ಡಿಗ್ರಿ ಹತ್ರಹತ್ರ ಬಿಸಿಯಲ್ಲಿ ಒತ್ತಿದ್ರೆ ಮುಗೀತು. ಆರಿದ್ಮೇಲೆ ಫಿಲ್ಮ್ ಕಿತ್ತರೆ ಅಕ್ಷರ ಬಟ್ಟೆಯಲ್ಲಿ ಕಚ್ಕೊಂಡಿರತ್ತೆ. ಆ ಅಕ್ಷರ ಏನು ಹೇಳ್ತಿದೆ ಅನ್ನೋದು ಮಷೀನಿಗೆ ಬೇಕಾಗಿಲ್ಲ. ನನಗೆ ಬೇಕಾಗತ್ತೆ, ಯಾಕಂದ್ರೆ ನಾನು ಚಿಕ್ಕಮಗಳೂರಲ್ಲೇ ಇರೋನು, ಆ ಶರ್ಟ್ ಸಂಜೆ ಎಂ.ಜಿ. ರೋಡಲ್ಲಿ ಓಡಾಡತ್ತೆ, ಕೇಳಿದೋರಿಗೆಲ್ಲ ಹಾಕ್ಕೊಂಡೋನು ಎಲ್ಲಿ ಹಾಕ್ಸಿದ್ದು ಅಂತ ಹೇಳ್ತಾನೆ.

ಮೊದಲು ಈ ತಲೆನೋವು ಇರ್ಲಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಕಾಲದಲ್ಲಿ ಒಂದು ಡಿಸೈನಿಗೆ ಫ್ರೇಮು ಕಟ್ಟಿ, ಎಮಲ್ಷನ್ ಬಳಿದು, ಲೈಟಿಗೆ ಇಟ್ಟು, ತೊಳೆದು ಎಲ್ಲಾ ಮಾಡ್ಬೇಕು, ಅದೂ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು. ಒಂದು ಶರ್ಟಿಗೋಸ್ಕರ ಯಾರು ಅಷ್ಟೆಲ್ಲ ಮಾಡ್ತಾರೆ? ಇಪ್ಪತ್ತೈದು ಮೂವತ್ತು ಪೀಸ್ ಇದ್ರೆ ಮಾತ್ರ ಗಿಟ್ಟೋದು. ಹಾಗಾಗಿ ಬರ್ತಿದ್ದ ಆರ್ಡರ್ ಎಲ್ಲ ಗುಂಪಿಂದು, ಗಣಪತಿ ಸಮಿತಿ, ಕಬಡ್ಡಿ ಟೀಮು, ಕಾಲೇಜ್ ಫೆಸ್ಟು, ಆಟೋ ಸ್ಟ್ಯಾಂಡಿನ ರಾಜ್ಯೋತ್ಸವ. ಮೂವತ್ತು ಜನ ಹಾಕ್ಕೊಳ್ಳೋ ಶರ್ಟಿನ ಮೇಲೆ ಏನ್ ಬರೀಬೇಕು ಅಂತ ಮೂವತ್ತೂ ಜನ ಒಪ್ಬೇಕು, ಅವರಲ್ಲಿ ಒಬ್ಬನ ಅಪ್ಪ ಮೇಷ್ಟ್ರಾಗಿರ್ತಾರೆ, ಇನ್ನೊಬ್ಬನ ಮಾವ ನಗರಸಭೆ ಮೆಂಬರ್, ಮತ್ತೊಬ್ಬನಿಗೆ ಹೆಣ್ಣು ನೋಡ್ತಿರ್ತಾರೆ. ಕೆಟ್ಟ ಪದ ತನ್ನಷ್ಟಕ್ಕೆ ತಾನೇ ಉದುರಿ ಹೋಗ್ತಿತ್ತು. ನಾವು ಸೆನ್ಸಾರ್ ಮಾಡೋ ಪ್ರಶ್ನೆನೇ ಬರ್ತಿರ್ಲಿಲ್ಲ. ಈಗ ಒಬ್ಬ ಹುಡುಗ ಒಬ್ಬನೇ ಬರ್ತಾನೆ, ವಾಟ್ಸಾಪಲ್ಲಿ ಒಂದು ಲೈನ್ ಕಳಿಸ್ತಾನೆ, ಒಂದೇ ಪೀಸು, ಅರ್ಧ ಗಂಟೇಲಿ ಬೇಕು ಅಂತಾನೆ. ಒಬ್ಬನ ತಲೇಲಿ ರಾತ್ರಿ ಬಂದ ಯೋಚನೆ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಅವನ ಎದೆ ಮೇಲಿರತ್ತೆ, ಮಧ್ಯದಲ್ಲಿ ಯಾರೂ "ಏ ಬೇಡ ಕಣೋ" ಅನ್ನೋರಿಲ್ಲ. ಇದ್ರೆ ನಾನು. ನಾನು ದುಡ್ಡು ತಗೊಳ್ಳೋನು ಬೇರೆ.

ಏನೇನ್ ಬರ್ಸ್ಕೊಳ್ತಾರೆ ಅಂತ ಕೇಳ್ಬೇಡಿ. ಎಣ್ಣೆ ಜೋಕು, ಹಳೇ ಹುಡುಗಿಗೆ ಬೈಗುಳ, ಕೆಲಸ ಬಿಡಿಸಿದ ಬಾಸಿಗೆ ಬೈಗುಳ, ಡಬಲ್ ಮೀನಿಂಗು, ಇಂಗ್ಲಿಷಿನ ಎಫ್ ಅಕ್ಷರದ ಪದ ಅಂತೂ ಉಪ್ಪಿನಕಾಯಿ ಥರ ಎಲ್ಲದರ ಪಕ್ಕದಲ್ಲೂ ಇರ್ಲೇಬೇಕು. ಹೆಚ್ಚಿನದು ನೀರಸ, ನಿಜ ಹೇಳ್ಬೇಕಂದ್ರೆ. ಹತ್ತರಲ್ಲಿ ಎಂಟು ಜನ ಇನ್‌ಸ್ಟಾಗ್ರಾಮಲ್ಲಿ ನೋಡಿದ್ದನ್ನೇ ತರ್ತಾರೆ. ನಮ್ಮ ಆಟೋ ಹಿಂದೆ, ಲಾರಿ ಹಿಂದೆ ಬರೀತಾರಲ್ಲ, ಅದರಲ್ಲಿ ಅರ್ಧದಷ್ಟು ಚುರುಕೂ ಇದರಲ್ಲಿ ಇರಲ್ಲ. ಆಟೋದೋನು "ಉರ್ಕೊಳ್ಳೋರು ಉರ್ಕೊಳ್ಳಿ" ಅಂತ ಬರ್ಸಿ ಪಕ್ಕದಲ್ಲಿ ಒಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿರ್ತಾನೆ, ಬೈದ ಹಾಗೂ ಆಯ್ತು, ದೃಷ್ಟಿ ತೆಗೆದ ಹಾಗೂ ಆಯ್ತು.

ಒಂದು ಆರ್ಡರ್ ಮಾತ್ರ ಇವತ್ತಿಗೂ ನೆನೆಸ್ಕೊಂಡು ನಗ್ತೀನಿ. ಒಬ್ಬ ಹುಡುಗ, ಫ್ರೆಂಡಿನ ಮದ್ವೆ, ಹಿಂದಿನ ರಾತ್ರಿ ಪಾರ್ಟಿಗೆ ಎಲ್ಲರೂ ಒಂದೇ ಥರ ಹಾಕ್ಕೊಳ್ಳೋಕೆ ಒಂದಷ್ಟು ಕಪ್ಪು ರೌಂಡ್ ನೆಕ್ಕು. ಎದೆ ಮೇಲೆ ಮದುಮಗನ ಹೆಸರು, ಅದರ ಕೆಳಗೆ ದೊಡ್ಡದಾಗಿ ಕನ್ನಡದಲ್ಲಿ "ಸಿಕ್ಕಾಕ್ಕೊಂಡ ಬೋಳಿಮಗ". ಫ್ರೆಂಡ್ಸ್ ಮಧ್ಯೆ ಅದು ಮುದ್ದು ಮಾತು, ಮಾಡಿ ಕೊಟ್ವಿ. ತಗೊಂಡು ಹೋಗೋ ದಿನ ಹುಡುಗನಿಗೆ ಕಡೂರಿಗೆ ಹೋಗೋ ಕೆಲಸ ಬಂತಂತೆ, ಮಾರ್ಕೆಟ್ಟಿಗೆ ಹೂವು ತರೋಕೆ ಬಂದಿದ್ದ ಅವರಮ್ಮ ನಮ್ಮಲ್ಲಿಗೆ ಬಂದ್ರು. ನಮ್ಮ ಹುಡುಗ ಬುದ್ಧಿವಂತ, ಅಕ್ಷರ ಒಳಗೆ ಹೋಗೋ ಹಾಗೆ ಮಡಚಿ ಕವರಿಗೆ ಹಾಕಿ ಕೊಟ್ಟ. ಆದ್ರೆ ಅಮ್ಮಂದಿರು ಬಟ್ಟೆನ ಕವರಲ್ಲಿ ತಗೊಂಡು ಹೋಗೋರಾ? ಅಲ್ಲೇ ಕೌಂಟರ್ ಮೇಲೆ ಒಂದನ್ನ ತೆಗೆದ್ರು, ಬಟ್ಟೆನ ಎರಡು ಬೆರಳಲ್ಲಿ ಉಜ್ಜಿ ನೋಡಿದ್ರು, ಪಕ್ಕದ ಹೊಲಿಗೆ ಎಳೆದು ನೋಡಿದ್ರು, ಕೊನೆಗೆ ಭುಜ ಹಿಡಿದು ಕೊಡವಿ ಎತ್ತಿ ಹಿಡಿದ್ರು, ಅಳತೆ ಸರಿ ಇದೆಯಾ ಅಂತ. ಅಂಗಡಿ ತುಂಬ ಜನ. ನಾನು ಲ್ಯಾಮಿನೇಷನ್ ಮಷೀನ್ ಕಡೆ ತಿರುಗಿ ಏನೋ ಸರಿ ಮಾಡೋನ ಥರ ನಿಂತ್ಕೊಂಡೆ. ಓದಿದ್ರು. ಮುಖದಲ್ಲಿ ಏನೂ ಬದಲಾಗ್ಲಿಲ್ಲ.

"ಬಣ್ಣ ಹೋಗತ್ತಾ ಇದು?"

"ಇಲ್ಲಮ್ಮ, ಉಲ್ಟಾ ಮಾಡಿ ಒಗೀಬೇಕು ಅಷ್ಟೇ, ಐರನ್ ಅಕ್ಷರದ ಮೇಲೆ ಇಡ್ಬಾರ್ದು."

"ಒಣಗಿಸೋದೂ ಉಲ್ಟಾನೇ ಬಿಡು. ನಮ್ಮನೆ ತಂತಿ ರೋಡಿಗೆ ಕಾಣತ್ತೆ."

ಅಷ್ಟೇ. ಮಡಚಿದ್ರು, ಹೂವಿನ ಚೀಲದಲ್ಲಿ ಕೆಳಗೆ ಹಾಕ್ಕೊಂಡ್ರು, ಬ್ಯಾಲೆನ್ಸ್ ಕೊಟ್ಟು ಹೋದ್ರು. ಮಗ ಬೈಗುಳ ಹಾಕ್ಕೊಳ್ಳೋದು ಅವರಿಗೆ ಅಂಥ ಸಮಸ್ಯೆ ಅಲ್ಲ, ಅದು ಹುಡುಗರ ಪಾರ್ಟಿ, ಹುಡುಗರು ಹುಡುಗರು ಏನಾದ್ರೂ ಮಾಡ್ಕೊಳ್ಲಿ. ತಂತಿ ಮೇಲೆ ನೇತಾಡಿದ್ರೆ ಮಾತ್ರ ಎದುರು ಮನೆಯೋರು ಓದ್ತಾರೆ, ಹಾಲಿನೋನು ಓದ್ತಾನೆ, ಬೀಗರು ಬಂದ್ರೆ ಅವರೂ ಓದ್ತಾರೆ.

ನನಗೆ ಈ ಸ್ಲೋಗನ್ ಶರ್ಟಿನ ವಿಷ್ಯದಲ್ಲಿ ಹೇಳೋಕಿರೋದು ಇದೊಂದೇ. ನಮ್ಮ ಕಡೆ ಬೈಗುಳಕ್ಕೇನೂ ಬರ ಇಲ್ಲ. ತೋಟದಲ್ಲಿ, ಗದ್ದೇಲಿ, ಕ್ರಿಕೆಟ್ ಮೈದಾನದಲ್ಲಿ, ಬಸ್ ಸ್ಟ್ಯಾಂಡಲ್ಲಿ ಕಿವಿ ತೆರೆದು ಕೂತ್ರೆ ಗೊತ್ತಾಗತ್ತೆ. ಆದ್ರೆ ಪ್ರತಿ ಬೈಗುಳಕ್ಕೂ ಒಂದು ವಿಳಾಸ ಇರತ್ತೆ. ಜೊತೆಗಾರನಿಗೆ ಅಂದಿದ್ದನ್ನೇ ಅವನ ಅಣ್ಣನಿಗೆ ಅನ್ನಲ್ಲ, ಅಣ್ಣನ ಮುಂದೆ ಅವನಿಗೂ ಅನ್ನಲ್ಲ. ಚಿಕ್ಕಪ್ಪ ಬರೋದು ಕಂಡ್ರೆ ವಾಕ್ಯದ ಮಧ್ಯದಲ್ಲೇ ಗೇರ್ ಬದಲಾಗತ್ತೆ, "ಬೋಳಿ" ಅಂತ ಶುರುವಾಗಿದ್ದು "ಬೋಳಿಸ್ಕೊಂಡು ಬಂದ ನೋಡು ತಲೆನ" ಅಂತ ಮುಗಿಯತ್ತೆ. ಇದನ್ನ ಯಾರೂ ನಮಗೆ ಹೇಳ್ಕೊಟ್ಟಿಲ್ಲ, ಐದಾರು ವರ್ಷಕ್ಕೆಲ್ಲ ಬಂದಿರತ್ತೆ. ಮುಖ ನೋಡಿ ಮಣೆ ಹಾಕೋದು ಕೆಟ್ಟ ಬುದ್ಧಿ ಅಂತಾರೆ, ಮಣೆ ವಿಷ್ಯಕ್ಕೆ ಸರಿನೇ, ಆದ್ರೆ ಮುಖ ನೋಡಿ ಬೈಯೋದು ನಮ್ಮ ಅರ್ಧ ಸಂಸ್ಕಾರ. ಟೀ ಶರ್ಟಿಗೆ ಅದೇ ಬರಲ್ಲ. ಅದಕ್ಕೆ ಕಣ್ಣಿಲ್ಲ. ಫ್ರೆಂಡಿಗೆ ಹೇಳಿದ್ದನ್ನೇ ಅಜ್ಜಿಗೂ ಹೇಳತ್ತೆ, ಎಲ್‌ಕೆಜಿ ಮಗುವಿಗೂ ಹೇಳತ್ತೆ, ಬ್ಯಾಂಕ್ ಮ್ಯಾನೇಜರಿಗೂ ಅದೇ ದನೀಲಿ ಹೇಳತ್ತೆ, ನಿಲ್ಸು ಅಂದ್ರೆ ನಿಲ್ಸಲ್ಲ. ಹಾಕ್ಕೊಂಡೋನಿಗೆ ತನ್ನ ಎದೆ ತನಗೆ ಕಾಣಲ್ಲ ಬೇರೆ. ಬೆಳಿಗ್ಗೆ ಕನ್ನಡಿ ಮುಂದೆ ನೋಡ್ಕೊಂಡು ನಕ್ಕಿರ್ತಾನೆ, ಹತ್ತು ನಿಮಿಷಕ್ಕೆ ಮರ್ತಿರ್ತಾನೆ, ಎದುರಿಗಿರೋರು ಮಾತ್ರ ದಿನವಿಡೀ ಓದ್ತಿರ್ತಾರೆ.

ಈ ವಿಷ್ಯದಲ್ಲಿ ಅಮೆರಿಕದಲ್ಲಿ ಒಂದು ಫೇಮಸ್ ಕೇಸ್ ಇದೆ. 1968ರ ಏಪ್ರಿಲ್, ವಿಯೆಟ್ನಾಂ ಯುದ್ಧ ನಡೀತಿದೆ, ಹುಡುಗರನ್ನ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸ್ಕೊಳ್ತಿದ್ರು. ಪಾಲ್ ಕೋಹೆನ್ ಅನ್ನೋ 19 ವರ್ಷದ ಹುಡುಗ ಆ ಕಡ್ಡಾಯ ಭರ್ತಿಗೆ ಎಫ್ ಪದದಲ್ಲಿ ಬೈದಿರೋ ಜಾಕೆಟ್ ಹಾಕ್ಕೊಂಡು ಲಾಸ್ ಏಂಜಲೀಸ್ ಕೋರ್ಟಿನ ಕಾರಿಡಾರಲ್ಲಿ ಓಡಾಡಿದ. ಹೆಂಗಸರು ಮಕ್ಕಳು ಎಲ್ಲ ಇದ್ರು. ಅರೆಸ್ಟ್ ಆಯ್ತು, ಶಾಂತಿ ಕದಡಿದ ಅಂತ 30 ದಿನ ಜೈಲು ಶಿಕ್ಷೆ ಆಯ್ತು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1971ರಲ್ಲಿ 5–4ರ ಅಂತರದಲ್ಲಿ ಅವನ ಪರ ತೀರ್ಪು ಬಂತು. ಒಬ್ಬನಿಗೆ ಅಸಭ್ಯ ಅನ್ನಿಸಿದ್ದು ಇನ್ನೊಬ್ಬನಿಗೆ ಕವಿತೆ ಆಗಬಹುದು ಅನ್ನೋ ಅರ್ಥದ ಮಾತು ಜಸ್ಟಿಸ್ ಹಾರ್ಲನ್ ಬರೆದ ಆ ತೀರ್ಪಲ್ಲೇ ಇರೋದು. ವಾದ ಶುರುವಾಗೋಕೆ ಮುಂಚೆ ಮುಖ್ಯ ನ್ಯಾಯಮೂರ್ತಿ ವಕೀಲರಿಗೆ, ಕೇಸಿನ ವಿವರ ನಮಗೆ ಗೊತ್ತಿದೆ, ಅದನ್ನೆಲ್ಲ ಬಿಡಿಸಿ ಹೇಳ್ಬೇಕಾಗಿಲ್ಲ ಅನ್ನೋ ಹಾಗೆ ಸೂಚನೆ ಕೊಟ್ರಂತೆ, ವಕೀಲ್ರು ಆ ಪದನ ಕೋರ್ಟಲ್ಲಿ ಬಾಯ್ಬಿಟ್ಟು ಹೇಳಿಯೇಬಿಟ್ರು. ಹೇಳ್ದೆ ಹೋಗಿದ್ರೆ ಕೇಸ್ ಅಲ್ಲೇ ಸೋತಂಗೆ, ಅದು ಬಾಯಲ್ಲಿ ಹೇಳೋಕಾಗದಷ್ಟು ಕೆಟ್ಟದು ಅಂತ ಅವರೇ ಒಪ್ಪಿದಂಗೆ ಆಗ್ತಿತ್ತಲ್ಲ.

ಆದ್ರೆ ನನಗೆ ಆ ಕೇಸಲ್ಲಿ ಇಷ್ಟ ಆಗೋದು ಇನ್ನೊಂದು ಸಣ್ಣ ವಿವರ. ಕೋಹೆನ್ ಕಾರಿಡಾರಿಂದ ಕೋರ್ಟ್ ಹಾಲ್ ಒಳಗೆ ಹೋಗುವಾಗ ಜಾಕೆಟ್ ಬಿಚ್ಚಿ ಮಡಚಿ ತೋಳಿನ ಮೇಲೆ ಹಾಕ್ಕೊಂಡಿದ್ದ. ಪೊಲೀಸಿನೋನು ಜಡ್ಜಿಗೆ ಚೀಟಿ ಕಳಿಸಿದ್ದ, ಇವನ ಮೇಲೆ ನ್ಯಾಯಾಂಗ ನಿಂದನೆ ಹಾಕಿ ಅಂತ, ಜಡ್ಜ್ ಒಪ್ಲಿಲ್ಲ, ಆಮೇಲೆ ಹೊರಗೆ ಬಂದ್ಮೇಲೇನೆ ಹಿಡಿದಿದ್ದು. ಯುದ್ಧ ವಿರೋಧಿ, ಸರ್ಕಾರಕ್ಕೆ ಹೆದರದ ಹುಡುಗ, ಅವನಿಗೂ ಜಡ್ಜ್ ಮುಂದೆ ಮಡಚಿ ಇಡ್ಬೇಕು ಅನ್ನಿಸ್ತು. ನಮ್ಮ ಹುಡುಗ್ರು ಚಿಕ್ಕಪ್ಪನ್ನ ಕಂಡು ಗೇರ್ ಬದಲಾಯಿಸೋದೂ ಇದೇ ಅಲ್ವಾ?

ಇದಕ್ಕೆ ಉಲ್ಟಾ ಇನ್ನೊಂದಿದೆ. 1984ರಲ್ಲಿ ಕ್ಯಾಥರೀನ್ ಹ್ಯಾಮ್ನೆಟ್ ಅನ್ನೋ ಬ್ರಿಟಿಷ್ ಡಿಸೈನರ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಮನೆಯ ಪಾರ್ಟಿಗೆ ಹೋದ್ರು, ಒಳಗೆ ಹಾಕ್ಕೊಂಡಿದ್ದ ಉದ್ದ ಟೀ ಶರ್ಟಿನ ಮೇಲೆ, 58 ಪರ್ಸೆಂಟ್ ಜನಕ್ಕೆ ಪರ್ಶಿಂಗ್ ಬೇಡ, ಅಂತ ದಪ್ಪ ಅಕ್ಷರದಲ್ಲಿತ್ತು. ಪರ್ಶಿಂಗ್ ಅಂದ್ರೆ ಆಗ ಯುರೋಪಲ್ಲಿ ತಂದಿಡ್ತಿದ್ದ ಅಮೆರಿಕದ ಅಣು ಕ್ಷಿಪಣಿ. ಬಾಗಿಲಲ್ಲಿ ತೋರಿಸ್ಲಿಲ್ಲ, ಮೇಲೆ ಕೋಟು ಮುಚ್ಕೊಂಡಿದ್ರು, ಥ್ಯಾಚರ್ ಕೈಕುಲುಕೋ ಹೊತ್ತಿಗೆ ತೆರೆದ್ರು. ಫೋಟೋ ಪ್ರಪಂಚಕ್ಕೆಲ್ಲ ಹೋಯ್ತು. ಓದ್ಬೇಕಾದ ಒಬ್ಬರನ್ನೇ ಆರಿಸ್ಕೊಂಡು, ಹೊತ್ತು ನೋಡಿ, ಎದುರಿಗೆ ನಿಂತು ತೋರಿಸಿದ್ದು ಅದು. ಅಂಥೋರಿಗೆ ನಾನು ಫ್ರೀಯಾಗಿ ಪ್ರಿಂಟ್ ಹಾಕ್ಕೊಡ್ತೀನಿ. ನಮ್ಮಲ್ಲಿಗೆ ಬರೋರು ಯಾರಿಗೆ ತೋರಿಸ್ಬೇಕು ಅಂತ ಯೋಚನೆ ಮಾಡಿರೋದೇ ಇಲ್ಲ, "ಯಾರಿಗೆ ಇದು?" ಅಂತ ಕೇಳಿದ್ರೆ "ಸುಮ್ನೆ ಅಣ್ಣ, ಮಜಾಕ್ಕೆ" ಅಂತಾರೆ.

ಅಮೆರಿಕದ ಕೋರ್ಟ್ ಹೇಳಿದ ಇನ್ನೊಂದು ಮಾತು, ಇಷ್ಟ ಇಲ್ಲದೋರು ಕಣ್ಣು ಬೇರೆ ಕಡೆ ತಿರುಗಿಸ್ಕೊಳ್ಳಬಹುದು ಅನ್ನೋದು. ಅಗಲವಾದ ಕಾರಿಡಾರಲ್ಲಿ ಸರಿ. ಚಾರ್ಮಾಡಿ ಘಾಟಿ ಇಳಿಯೋ ರಶ್ ಬಸ್ಸಲ್ಲಿ ನೀವು ಸೀಟಲ್ಲಿ ಕೂತಿದೀರ, ಪಕ್ಕದಲ್ಲಿ ನಿಂತೋನ ಹೊಟ್ಟೆ ನಿಮ್ಮ ಮೂಗಿಂದ ಅರ್ಧ ಅಡಿ ದೂರ, ಕೊಟ್ಟಿಗೆಹಾರದಿಂದ ಉಜಿರೆ ತನಕ ಅವನ ಹೊಟ್ಟೆ ಮೇಲಿರೋದನ್ನೇ ಓದ್ಕೊಂಡು ಹೋಗ್ಬೇಕು, ತಿರುವಿಗೊಂದು ಸಲ ಅಕ್ಷರ ಹತ್ರ ಬರತ್ತೆ, ದೂರ ಹೋಗತ್ತೆ. ಪಕ್ಕದಲ್ಲಿ ಅತ್ತೆ ಕೂತಿದ್ರೆ ಮುಗೀತು ಕಥೆ. ಅವರೂ ಓದಿರ್ತಾರೆ, ನೀವೂ ಓದಿರ್ತೀರ, ಇಬ್ಬರೂ ಓದಿಲ್ಲ ಅನ್ನೋ ಥರ ಕಿಟಕಿ ಕಡೆ ನೋಡ್ತಾ ಮಳೆ ಬಗ್ಗೆ ಮಾತಾಡ್ತೀರ.

ಹುಡುಗಿಯರ ಕಥೆ ಪೂರ್ತಿ ಬೇರೆ. ಡಿಗ್ರಿ ಓದೋ ಒಬ್ಬಳು ಬಂದಿದ್ಲು, "ಮದ್ವೆ ಯಾವಾಗ ಅಂತ ಕೇಳಿದ್ರೆ ಒದೀತೀನಿ" ಅಂತ ಬರ್ಸ್ಬೇಕು. ನಾನು ಮಾಮೂಲಿ ಥರ ಎದೆ ಮೇಲೆ ಸೆಂಟರಲ್ಲಿ ಡಿಸೈನ್ ಕೂರ್ಸಿ ತೋರಿಸ್ದೆ.

"ಮುಂದೆ ಬೇಡ ಅಣ್ಣ, ಬೆನ್ನಿಗೆ ಹಾಕಿ."

"ಬೆನ್ನಿಗೆ ಹಾಕಿದ್ರೆ ಕೇಳೋರಿಗೆ ಕಾಣ್ಬೇಕಲ್ಲಮ್ಮ?"

"ಮುಂದೆ ಇದ್ರೆ ಓದ್ತಿದೀನಿ ಅನ್ನೋ ನೆಪ ಸಿಗತ್ತೆ ಎಲ್ಲರಿಗೂ."

ನನಗೆ ಅದುವರೆಗೂ ಹೊಳೆದೇ ಇರ್ಲಿಲ್ಲ. ಗಂಡು ಹುಡುಗ ಎದೆ ಮೇಲೆ ಏನ್ ಬರ್ಸಿದ್ರೂ ಜನ ಓದಿ ಮುಖ ನೋಡ್ತಾರೆ, ಯಾರಪ್ಪ ಇವನು ಅಂತ. ಹುಡುಗಿ ಹಾಕ್ಕೊಂಡ್ರೆ ಓದಿ ಮುಗಿದ್ಮೇಲೂ ಓದ್ತಾನೇ ಇರ್ತಾರೆ, ಮೂರು ಪದದ ವಾಕ್ಯನ ಮೂರು ನಿಮಿಷ ಓದೋ ಪಂಡಿತರು ನಮ್ಮ ಬಸ್ ಸ್ಟ್ಯಾಂಡಲ್ಲಿ ಬೇಕಾದಷ್ಟು ಜನ ಇದ್ದಾರೆ, ಕೇಳಿದ್ರೆ ನೀನೇ ತಾನೇ ಬರ್ಸಿರೋದು ಅನ್ನೋ ಉತ್ತರ ರೆಡಿ. ಅಂದ್ರೆ ಬೈಯೋ ಧೈರ್ಯ ತೋರಿಸ್ಬೇಕು ಅಂದ್ರೂ ಅವಳು ಮೊದಲು ಎಲ್ಲಿ ಪ್ರಿಂಟ್ ಹಾಕ್ಸಿದ್ರೆ ಕಡಿಮೆ ಕಾಟ ಅಂತ ಲೆಕ್ಕ ಹಾಕ್ಬೇಕು. ಆಮೇಲೆ ಅವಳೇ ಇನ್ನೊಂದ್ಸಲ ಬಂದಾಗ ಹೇಳಿದ್ಲು, ಆ ಶರ್ಟ್ ಹಾಕ್ಕೊಂಡು ನೆಂಟರ ಗೃಹಪ್ರವೇಶಕ್ಕೆ ಹೋಗಿದ್ಲಂತೆ, ಊಟದ ಸಾಲಲ್ಲಿ ಹಿಂದೆ ನಿಂತಿದ್ದ ಸೋದರತ್ತೆ ಪೂರ್ತಿ ಓದಿ, ಸುತ್ತು ಬಳಸಿ ಮುಂದೆ ಬಂದು, ಮುಖ ಕೊಟ್ಟು ಕೇಳಿದ್ರಂತೆ, "ಮದ್ವೆ ಯಾವಾಗೇ?" ಅಂತ. ಒದ್ದಳಾ ಅಂತ ನಾನು ಕೇಳ್ಲಿಲ್ಲ.

ವೀಕೆಂಡಲ್ಲಿ ಊರಿನ ಶರ್ಟುಗಳೇ ಬದಲಾಗಿಬಿಡತ್ತೆ. ಶನಿವಾರ ಬೆಳಿಗ್ಗೆ ಬೆಂಗಳೂರಿನ ಗಾಡಿಗಳು ಬಂದು ದೋಸೆ ಹೋಟೆಲ್ ಮುಂದೆ ಸಾಲಾಗಿ ನಿಲ್ತವೆ, ಎಲ್ಲ ಮುಳ್ಳಯ್ಯನಗಿರಿಗೆ ಹೋಗೋರು, ಪ್ರತಿಯೊಬ್ಬರ ಎದೆ ಮೇಲೂ ಏನೋ ಒಂದು ಇಂಗ್ಲಿಷ್. ಗೊತ್ತಿರೋರು ಯಾರೂ ಇಲ್ಲದ ಊರಲ್ಲಿ ಬೈಗುಳ ಹಾಕ್ಕೊಳ್ಳೋಕೆ ಸಲೀಸು ನೋಡಿ. ಹೀಗೇ ಒಂದು ದಿನ ಒಬ್ಬ ಹುಡುಗ ಹಾಕ್ಕೊಂಡಿದ್ದ ಶರ್ಟು, ಇದನ್ನ ಓದ್ತಿರೋ ನೀನು ಈಡಿಯಟ್ ಅನ್ನೋ ಅರ್ಥದ್ದು, ಅದರ ಮಧ್ಯ ಒಂದು ಪೋಲಿ ಪದ ಬೇರೆ. ಎದುರು ಟೇಬಲ್ಲಲ್ಲಿ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು, ಸ್ಟೀಲ್ ಲೋಟದಲ್ಲಿ ಕಾಫಿ. ಕನ್ನಡಕದ ಕೆಳಗಿನ ಗಾಜಲ್ಲಿ ಓದೋಕೆ ತಲೆ ಹಿಂದಕ್ಕೆ ವಾಲಿಸಿ, ತುಟಿ ಅಲ್ಲಾಡಿಸ್ಕೊಂಡು ಪೂರ್ತಿ ಓದಿದ್ರು. ಈಗ ಬೈತಾರೆ ಅನ್ಕೊಂಡೆ.

"ತಮ್ಮಾ, ಸ್ವಲ್ಪ ಇಲ್ಲಿ ಬಾಪ್ಪ. ಇದು ಅಂಗಡೀಲೇ ಹೀಗಿತ್ತಾ?"

"ಏನ್ ಅಂಕಲ್?"

"ಅಪಾಸ್ಟ್ರಫಿನೂ ಕೊನೇ 'ಇ' ಅಕ್ಷರನೂ ಬಿಟ್ಟಿದಾರೆ ನೋಡು. ನೀನು ಈಡಿಯಟ್ ಅನ್ನೋದಕ್ಕೆ ನಿನ್ನ ಈಡಿಯಟ್ ಅಂತ ಆಗಿದೆ. ನಿನ್ನ ಈಡಿಯಟ್ ಅಂದ್ರೆ ಯಾರು ಈಗ?"

ಹುಡುಗನ ಫ್ರೆಂಡ್ಸೇ ಬಿದ್ದು ಬಿದ್ದು ನಕ್ರು. ಅವನು ಜರ್ಕಿನ್ ಜಿಪ್ಪನ್ನ ಕತ್ತಿನ ತನಕ ಎಳ್ಕೊಂಡು ದೋಸೆ ತಿಂದ. ಹೇಗೂ ಮೇಲೆ ಹೋದ್ರೆ ಜಿಪ್ ಹಾಕ್ಲೇಬೇಕು, 1,900 ಮೀಟರ್ ದಾಟಿದ ಬೆಟ್ಟ ಅದು, ಗಾಳಿ ಬೀಸಿದ್ರೆ ಯಾರ ಸ್ಲೋಗನ್ನೂ ಕಾಣ್ಸಲ್ಲ.

ತಮ್ಮ ಮೈಮೇಲೆ ಏನಿದೆ ಅಂತ ಗೊತ್ತೇ ಇಲ್ದೆ ಹಾಕ್ಕೊಳ್ಳೋರದ್ದು ಇನ್ನೊಂದು ಗುಂಪು. ಫ್ರೆಂಚ್ ಕನೆಕ್ಷನ್ ಅನ್ನೋ ಬ್ರಿಟಿಷ್ ಬಟ್ಟೆ ಕಂಪನಿ 1997ರಲ್ಲಿ ತನ್ನ ಹೆಸರಿನ ಮೊದಲಕ್ಷರಗಳಿಗೆ ಯುಕೆ ಸೇರಿಸಿ ಎಫ್‌ಸಿಯುಕೆ ಅಂತ ಜಾಹೀರಾತು ಮಾಡ್ತು, ಅಕ್ಷರ ಅದಲು ಬದಲಾದ್ರೆ ಏನಾಗತ್ತೆ ಅಂತ ಎಲ್ಲರಿಗೂ ಗೊತ್ತಿತ್ತು, ಅಲ್ಲಿ ದೊಡ್ಡ ಗಲಾಟೆನೇ ಆಯ್ತು. ಅದರ ಡೂಪ್ಲಿಕೇಟ್ ಶರ್ಟುಗಳು ಒಂದು ಕಾಲದಲ್ಲಿ ನಮ್ಮ ಸಂತೇಲಿ, ಫುಟ್‌ಪಾತಲ್ಲಿ ರಾಶಿ ಬಿದ್ದಿರ್ತಿದ್ವು. ತೋಟದ ರೈಟರು ಅದನ್ನ ಹಾಕ್ಕೊಂಡು ಹಾಜರಿ ತಗೊಳ್ತಿದ್ರು, ದೇವಸ್ಥಾನದ ಪ್ರಸಾದ ಹಂಚೋರೂ ಹಾಕ್ಕೊಂಡಿದ್ರು, ಯಾರೂ ತಲೆ ಕೆಡಿಸ್ಕೊಳ್ಲಿಲ್ಲ. ಈಗಲೂ ಕಾಫಿ ಕೊಯ್ಲಿನ ಟೈಮಲ್ಲಿ ಅಸ್ಸಾಂ ಕಡೆಯಿಂದ ಬಂದ ಕೆಲಸದೋರ ಮೈಮೇಲೆ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಶರ್ಟುಗಳಲ್ಲಿ ಏನೇನೋ ಇರತ್ತೆ, ಅವರಿಗೆ ಅದು ಅಗ್ಗಕ್ಕೆ ಸಿಕ್ಕ ಗಟ್ಟಿ ಬಟ್ಟೆ ಅಷ್ಟೇ. ಅಂಥೋರನ್ನ ನಿಲ್ಸಿ ಅರ್ಥ ವಿವರಿಸಿ ನಗೋ ವಿದ್ಯಾವಂತರನ್ನ ನೋಡಿದೀನಿ, ಶರ್ಟಿಗಿಂತ ಅಸಹ್ಯ ಅದು.

ಹಾಗಂತ ನಮ್ಮೂರು ಬಟ್ಟೆ ವಿಷ್ಯದಲ್ಲಿ ಸಿಟ್ಟೇ ಮಾಡ್ಕೊಳ್ಳಲ್ಲ ಅಂತ ಅಲ್ಲ. ಎಫ್ ಪದಕ್ಕೆ ಸುಮ್ನಿದ್ದ ಜನ 2021ರ ಜೂನಲ್ಲಿ ಅಮೆಜಾನಿನ ಕೆನಡಾ ಸೈಟಲ್ಲಿ ನಮ್ಮ ಹಳದಿ ಕೆಂಪು ಬಾವುಟದ ಬಣ್ಣದ ಬಿಕಿನಿ ಮಾರಾಟಕ್ಕಿದೆ ಅಂತ ಗೊತ್ತಾದಾಗ ಕೆಂಡ ಆದ್ರು, ಮಂತ್ರಿಗಳೇ ಕಾನೂನು ಕ್ರಮ ತಗೊಳ್ತೀವಿ ಅಂದ್ರು. ಅದರಲ್ಲಿ ಒಂದೇ ಒಂದು ಬೈಗುಳ ಇರ್ಲಿಲ್ಲ. ಅದಕ್ಕೂ ಹಿಂದಿನ ವರ್ಷ ಸೆಪ್ಟೆಂಬರಲ್ಲಿ ಹಿಂದಿ ದಿವಸದ ಹೊತ್ತಿಗೆ ತಮಿಳುನಾಡಲ್ಲಿ ಶುರುವಾಗಿದ್ದು ಇಲ್ಲಿಗೂ ಬಂತು, ಹಿಂದಿ ಬರಲ್ಲ ಹೋಗಪ್ಪ ಅನ್ನೋ ಟೀ ಶರ್ಟು, ಪ್ರಕಾಶ್ ರಾಜ್ ಹಾಕ್ಕೊಂಡು ಫೋಟೋ ಹಾಕಿದ್ರು. ಅಂಥ ಶರ್ಟ್ ನೋಡಿ ಕೆಲವರಿಗೆ ಖುಷಿ, ಕೆಲವರಿಗೆ ಮೈ ಉರಿ. ನನಗೆ ಅದು ಬೈಗುಳ ಅನ್ಸಲ್ಲ, ಯಾಕಂದ್ರೆ ಯಾರಿಗೆ ಹೇಳ್ತಿದೆ, ಯಾಕೆ ಹೇಳ್ತಿದೆ ಅಂತ ಹಾಕ್ಕೊಂಡೋನಿಗೆ ಗೊತ್ತಿರತ್ತೆ, ಜಗಳಕ್ಕೆ ಬಂದ್ರೆ ನಿಂತು ಉತ್ತರ ಕೊಡೋಕೆ ರೆಡಿ ಇರ್ತಾನೆ. "ಸುಮ್ನೆ ಮಜಾಕ್ಕೆ" ಅನ್ನೋನು ಉತ್ತರ ಕೊಡಲ್ಲ, ಜಿಪ್ ಎಳ್ಕೊಳ್ತಾನೆ.

ಕಾನೂನು ಏನ್ ಹೇಳತ್ತೆ ಅಂತ ಕೇಳೋರಿದ್ದಾರೆ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಆಗೋ ಹಾಗೆ ಅಶ್ಲೀಲವಾಗಿ ನಡ್ಕೊಂಡ್ರೆ ಹಳೇ ಐಪಿಸಿ 294 ಇತ್ತು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 296 ಆಗಿದೆ, ಮೂರು ತಿಂಗಳ ತನಕ ಜೈಲು ಅಥವಾ 1,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಆದ್ರೆ ಅಶ್ಲೀಲ ಅಂದ್ರೆ ಏನು ಅನ್ನೋದೇ ಪ್ರಶ್ನೆ. ಅದೇ ವರ್ಷ ಮಾರ್ಚಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ವೆಬ್ ಸೀರೀಸ್ ಕೇಸಲ್ಲಿ, ಬೈಗುಳ ಇದೆ ಅಂದ ಮಾತ್ರಕ್ಕೆ ಅಶ್ಲೀಲ ಆಗಲ್ಲ, ಕೇಳೋಕೆ ಹೇಸಿಗೆ ಆಗೋದು ಬೇರೆ, ಕಾಮ ಕೆರಳಿಸೋದು ಬೇರೆ ಅನ್ನೋ ಅರ್ಥದಲ್ಲಿ ಹೇಳ್ತು. ನಮ್ಮ ಅಂಗಡಿಗೆ ಟೂರ್ನಮೆಂಟ್ ಜೆರ್ಸಿ ಹಾಕ್ಸೋಕೆ ಬರೋ ಒಬ್ಬ ಕಾನ್‌ಸ್ಟೇಬಲ್‌ಗೆ ಇದನ್ನೆಲ್ಲ ಹೇಳಿದ್ರೆ ನಕ್ಬಿಟ್ರು. "ಕೇಸ್ ಯಾರ್ ಹಾಕ್ತಾರೆ ಸಾರ್, ಜಾತ್ರೇಲಿ ಅಂಥದ್ದು ಕಂಡ್ರೆ ಶರ್ಟ್ ಉಲ್ಟಾ ಹಾಕ್ಕೊಳ್ಳೋ ಅಂತೀವಿ, ಹಾಕ್ಕೊಳ್ತಾರೆ." ಹೊರನಾಡು ದೇವಸ್ಥಾನದಲ್ಲಿ ಅದೂ ಬೇಕಾಗಿಲ್ಲ, ಗಂಡಸರು ಅಂಗಿ ಬಿಚ್ಚಿ ಶಲ್ಯ ಹೊದ್ಕೊಂಡೇ ಒಳಗೆ ಹೋಗೋದು, ಅನ್ನಪೂರ್ಣೇಶ್ವರಿ ಎದುರು ಎಲ್ಲರ ಸ್ಲೋಗನ್ನೂ ಕಂಕುಳಲ್ಲಿ.

ಊರಲ್ಲಿ ನಿಜವಾದ ರಿಯಾಕ್ಷನ್ ಪೊಲೀಸಿಂದ ಬರಲ್ಲ, ರಸ್ತೇಲೂ ಬರಲ್ಲ. ಎದುರಿಗೆ ಸಿಕ್ಕೋರು ಓದಿ, ಒಂದು ಸಲ ಮೇಲೆ ಕೆಳಗೆ ನೋಡಿ, "ಊಟ ಆಯ್ತಾ?" ಅಂತ ಕೇಳಿ ಹೋಗ್ತಾರೆ. ಬೆಂಗಳೂರಿಂದ ಬಂದೋರು ಇದನ್ನ ನೋಡಿ ಮಲೆನಾಡಿನ ಜನ ಎಷ್ಟು ಒಳ್ಳೇರು, ಏನೂ ಅನ್ನಲ್ಲ ಅನ್ಕೊಳ್ತಾರೆ. ಅನ್ನಲ್ಲ, ನಿಜ. ಸಂಜೆ ನಿಮ್ಮಪ್ಪನಿಗೆ ಫೋನ್ ಹೋಗತ್ತೆ. ಮೊದಲು ಕಾಫಿ ರೇಟು, ಆಮೇಲೆ ಮಳೆ, ಆಮೇಲೆ ಯಾರದೋ ಆಪರೇಷನ್ನು, ಕೊನೆಗೆ ಫೋನ್ ಇಡೋ ಮುಂಚೆ "ಮತ್ತೆ, ನಿಮ್ಮ ಹುಡುಗ ಸಿಕ್ಕಿದ್ದ ಇವತ್ತು, ಏನೋ ಬರೆದಿದ್ದ ಶರ್ಟ್ ಹಾಕ್ಕೊಂಡಿದ್ದ, ನನಗೆ ಸರಿ ಓದೋಕಾಗ್ಲಿಲ್ಲ." ಓದೋಕಾಗ್ಲಿಲ್ಲ ಅಂದ್ರೆ ಚೆನ್ನಾಗಿ ಓದಿದೀನಿ ಅಂತ. ಹುಡುಗ ಮನೆಗೆ ಬರೋ ಹೊತ್ತಿಗೆ ವರದಿ ಬಂದು ಕೂತಿರತ್ತೆ, ಅಪ್ಪ ಶರ್ಟಿನ ಸುದ್ದಿನೇ ಎತ್ತಲ್ಲ, ಬೈಕ್ ಕೀ ಎಲ್ಲಿ ಅಂತ ಕೇಳ್ತಾರೆ. ಇದಕ್ಕೆ ಹೋಲಿಸಿದ್ರೆ 30 ದಿನದ ಜೈಲೇ ವಾಸಿ ಅಂತ ಒಬ್ಬ ಕಸ್ಟಮರ್ ಹೇಳಿದ್ದುಂಟು.

ಅಂಗಡೀಲಿ ನನ್ನ ಜೊತೆ ಇರೋ ತಮ್ಮನಿಗೆ ಈ ದಿನಾ ದಿನಾ ಚೌಕಾಶಿ ಸಾಕಾಗಿದೆ. ಇದು ಹಾಕ್ತೀವಿ, ಇದು ಹಾಕಲ್ಲ, ಇದು ಬೇಕಾದ್ರೆ ಬೆನ್ನಿಗೆ ಹಾಕ್ತೀವಿ, ಇದನ್ನ ಸ್ಟಾರ್ ಹಾಕಿ ಮುಚ್ಚಿ ಕೊಡ್ತೀವಿ, ಜಾತಿ ಎಳೆದಿರೋದು ಎಷ್ಟು ದುಡ್ಡು ಕೊಟ್ರೂ ಇಲ್ಲ, ಯಾರದಾದ್ರೂ ಹೆಸರು ಹಾಕಿ ಬೈದಿರೋದಕ್ಕೆ ಆ ಹೆಸರಿನೋರೇ ಬಂದು ಒಪ್ಪಿದ್ರೆ ಮಾತ್ರ ಅಂತ ಒಬ್ಬೊಬ್ಬರ ಹತ್ರನೂ ಮಾತಾಡ್ಬೇಕು. "ಒಂದು ಬೋರ್ಡ್ ಹಾಕೋಣ ಅಣ್ಣ, ಯಾವ್ಯಾವ ಪದ ಪ್ರಿಂಟ್ ಮಾಡಲ್ಲ ಅಂತ, ನೋಡ್ಕೊಂಡು ಬರ್ತಾರೆ" ಅಂದ. ಒಳ್ಳೇ ಐಡಿಯಾ ಅಂತ ಇಬ್ಬರೂ ಕೂತು ಪಟ್ಟಿ ಮಾಡೋಕೆ ಶುರು ಮಾಡಿದ್ವಿ. ಅರ್ಧ ಪುಟ ತುಂಬೋ ಹೊತ್ತಿಗೆ ಅಮ್ಮ ಮಧ್ಯಾಹ್ನದ ಊಟದ ಕ್ಯಾರಿಯರ್ ತಗೊಂಡು ಒಳಗೆ ಬಂದ್ರು, ತಮ್ಮ ಗಬಕ್ಕಂತ ಪುಸ್ತಕ ಮಡಚಿ ಅದರ ಮೇಲೆ ಕೂತ್ಕೊಂಡ. ಬೋರ್ಡ್ ಆಗ್ಲಿಲ್ಲ. ಈಗಲೂ ಬಂದೋರನ್ನ ಒಬ್ಬೊಬ್ಬರನ್ನಾಗಿ ಕೂರ್ಸಿಯೇ ಮಾತಾಡ್ತೀವಿ.